ಹಾಲಿನ ಪುಡಿ ಡಬ್ಬಿಯ ಗುಂಡಿಗಳು

ನಮ್ಮ ಮನೆಯಲ್ಲಿ ಒಂದು ಬಟ್ಟೆ ಹಳತಾದರೆ ಏನಾದರೊಂದು ಆಗಿಯೇ ಆಗುತ್ತದೆ. ಬೇರೆ ಮನೆಗಳಲ್ಲಿ ಅದು ನೆಲ ಒರೆಸಲು ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಸಾಲಿಗ್ರಾಮದ ನಮ್ಮ ಮನೆಯಲ್ಲಿ ಮೊದಲು ಅಮ್ಮ ಕತ್ತರಿ ಹಿಡಿದು ಕೂರುತ್ತಾಳೆ. ಗುಂಡಿ (ಅವಳ ಬಾಯಲ್ಲಿ ಅದು 'ಗುಬ್ಬಿ'), ಹುಕ್ಕು, ಟಿಚ್ ಬಟನ್, ಜಿಪ್ಪು, ಲಾಡಿ, ಸೀರೆಯ ಫಾಲು ಎಲ್ಲವನ್ನೂ ಬಿಡಿಸಿಕೊಳ್ಳುತ್ತಾಳೆ. ಒಂದೇ ಅಂಗಿಯ ಗುಂಡಿಗಳನ್ನು ನೂಲಿಗೆ ಪೋಣಿಸಿ, ಗಂಟು ಹಾಕಿ, ಹಾಲಿನ ಪುಡಿಯ ಡಬ್ಬಿಗೆ ಸೇರಿಸುತ್ತಾಳೆ. ಇಂಥ ಡಬ್ಬಿಗಳು ಮೂರಿವೆ. ಆ ಹಾಲಿನ ಪುಡಿ ಕುಡಿದ ಅಕ್ಕನಿಗೆ ಐವತ್ತು ದಾಟಿದೆ, ನನಗೆ ದಾಟಲು ಹೆಚ್ಚು ದಿನ ಇಲ್ಲ.

"ಒಂದಲ್ಲ ಒಂದ್ ದಿನ ಬೇಕಾತ್ತ್" ಎನ್ನುವುದು ಅಮ್ಮನ ವಾದ. ಬೇಕಾಗುತ್ತದೆ, ಆದರೆ ಸಿಗುವುದಿಲ್ಲ ಎನ್ನುವುದು ನನ್ನದು. ಬೇಕಾದ ವಸ್ತು ಬೇಕಾದ ಹೊತ್ತಿಗೆ ಆ ಡಬ್ಬಿಗಳಲ್ಲಿ ಸಿಕ್ಕಿದ್ದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಕಳೆದ ವರ್ಷ ಮನೆಗೆ ಬಣ್ಣ ಹೊಡೆಸುವಾಗ ಮೂರನ್ನೂ ಗುಜರಿಗೆ ಹಾಕೋಣ ಎಂದೆ. ಮುಂಬೈಯಲ್ಲಿರುವ ಅಕ್ಕ ಫೋನಿನಲ್ಲೇ ಒಪ್ಪಿಗೆ ಕೊಟ್ಟಳು. ಅಮ್ಮ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಷರತ್ತು ಹಾಕಿದಳು. ದೀಪಾವಳಿಯೊಳಗೆ ಒಂದೇ ಒಂದು ಸಲ ಸಿಕ್ಕಿದರೆ, ಸಿಕ್ಕಿತು ಎಂದು ನಾನು ನನ್ನ ಬಾಯಲ್ಲೇ ಹೇಳಬೇಕು, ಮತ್ತೆ ಡಬ್ಬಿಯ ಸುದ್ದಿಗೆ ಬರಕೂಡದು. ಸಿಗದಿದ್ದರೆ ಗುಜರಿಯವನನ್ನು ಅವಳೇ ಕರೆಯುತ್ತಾಳೆ.

ನಾನು ಒಪ್ಪಿದೆ. ಸೋಲುವ ಭಯವಿರಲಿಲ್ಲ. ಹಳೆಯ ಸಾಕ್ಷ್ಯಗಳೆಲ್ಲ ನನ್ನ ಕಡೆಗಿದ್ದವು.

ಐದು ಬಣ್ಣ

ಶಾಲೆಗೆ ಬಿಳಿ ಅಂಗಿ, ನೀಲಿ ಲಂಗ. ಬಿಳಿ ಅಂಗಿಗೆ ಬಿಳಿ ಗುಂಡಿ ಎಂದು ಉಳಿದವರ ಮನೆಯಲ್ಲಿ ನಂಬಿದ್ದರು. ನನ್ನ ಅಂಗಿಯ ಗುಂಡಿ ಒಂದೊಂದೇ ಉದುರಿದಂತೆ ಅಮ್ಮ ಡಬ್ಬಿ ಸುರಿದು ಹುಡುಕುತ್ತಿದ್ದಳು. ಬಿಳಿ ಇರುತ್ತಿರಲಿಲ್ಲ. ಇದ್ದದ್ದನ್ನು ಹೊಲಿಯುತ್ತಿದ್ದಳು. ಒಂದನೆಯ ತರಗತಿ ಮುಗಿಯುವಷ್ಟರಲ್ಲಿ ನನ್ನ ಎದೆಯ ಮೇಲೆ ಕೆಂಪು, ಹಸಿರು, ಹಳದಿ, ಕಪ್ಪು ಮತ್ತು ಕೊನೆಯಲ್ಲಿ ಹೊಟ್ಟೆಯ ಹತ್ತಿರ ಇನ್ನೊಂದು ಕೆಂಪು ಗುಂಡಿ ಇತ್ತು.

ಮೇಷ್ಟ್ರು ಅದನ್ನು ನೋಡಿದರು. ಬಣ್ಣಗಳ ಪಾಠದ ದಿನ ನನ್ನನ್ನು ಮುಂದೆ ನಿಲ್ಲಿಸಿ, ಕೋಲಿನ ತುದಿಯಿಂದ ಒಂದೊಂದೇ ಗುಂಡಿ ತೋರಿಸಿ, ಇಡೀ ತರಗತಿಯಿಂದ ಹೇಳಿಸಿದರು. ನಾನು ಅಳುತ್ತ ಮನೆಗೆ ಬಂದು ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡಳು. ಯಾವ ಯಾವ ಬಣ್ಣ ಹೇಳಿಸಿದರು ಎಂದು ವಿಚಾರಿಸಿದಳು. ಮರುದಿನ ಬೆಳಿಗ್ಗೆ ನೋಡುತ್ತೇನೆ, ಹೊಟ್ಟೆಯ ಹತ್ತಿರದ ಕೆಂಪು ಗುಂಡಿ ಹೋಗಿ ನೇರಳೆ ಬಂದಿತ್ತು. ಮೇಷ್ಟ್ರಿಗೆ ಒಂದೇ ಬಣ್ಣ ಎರಡು ಸಲ ಆಗಬಾರದಲ್ಲ.

ಇದು ಡಬ್ಬಿಯ ಉಪಯೋಗವೇ ಎಂದು ಅಮ್ಮ ಇಂದಿಗೂ ವಾದಿಸುತ್ತಾಳೆ. ಹುಡುಕಿದ್ದು ಬಿಳಿಯ ಗುಂಡಿ ಎಂದು ನಾನು ನೆನಪಿಸುತ್ತೇನೆ.

ಸವಿನೆನಪು

ಜೂನ್ ತಿಂಗಳ ಮಳೆಗೆ ಶಾಲೆಗೆ ರಜೆ ಸಿಕ್ಕಿದರೆ ಅಕ್ಕ ಮತ್ತು ನಾನು ಡಬ್ಬಿಯನ್ನು ಚಾಪೆಯ ಮೇಲೆ ಬೋರಲು ಹಾಕಿ ಅಂಗಡಿ ಆಟ ಆಡುತ್ತಿದ್ದೆವು. ಅಪ್ಪನ ಅಂಗಿಯ ಗುಂಡಿ ಅಕ್ಕಿ, ರವಕೆಯ ಹುಕ್ಕು ಉಪ್ಪು, ಮುತ್ತಿನಂಥ ಗುಂಡಿಗಳು ಗೋಡಂಬಿ. ಅಕ್ಕ ಯಾವಾಗಲೂ ಅಂಗಡಿಯವಳು, ನಾನು ಯಾವಾಗಲೂ ಸಾಲಕ್ಕೆ ಬಂದವಳು. ಒಂದು ಸಲ ನಾನು ಗೋಡಂಬಿ ನುಂಗಿದೆ. ಅಮ್ಮ ಮೂರು ದಿನ ನನ್ನ ಹಿಂದೆ ಹಿತ್ತಲಿಗೆ ಬಂದಳು. ನನ್ನ ಆರೋಗ್ಯದ ಚಿಂತೆ ಎಂದು ಬಹಳ ವರ್ಷ ನಂಬಿದ್ದೆ. ಗುಂಡಿ ಈಗಲೂ ಡಬ್ಬಿಯಲ್ಲಿದೆ.

ಅಕ್ಕ ಈಗ ಮುಂಬೈಯಿಂದ ಫೋನು ಮಾಡಿದಾಗಲೆಲ್ಲ ಆ ಮಧ್ಯಾಹ್ನಗಳನ್ನು ನೆನೆದು ನಿಟ್ಟುಸಿರು ಬಿಡುತ್ತಾಳೆ. ಅಂಥ ಬಾಲ್ಯ ಇನ್ನು ಬರುವುದಿಲ್ಲ ಎನ್ನುತ್ತಾಳೆ. ಹಾಗಾದರೆ ಒಂದು ಡಬ್ಬಿ ರೈಲಿನಲ್ಲಿ ಕಳಿಸುತ್ತೇನೆ ಎಂದು ಅಮ್ಮ ಒಮ್ಮೆ ಹೇಳಿದಳು. ಅಕ್ಕನಿಗೆ ಒಲೆಯ ಮೇಲೆ ಹಾಲು ಉಕ್ಕುವುದು ಕೂಡಲೇ ನೆನಪಾಯಿತು.

ಟೈಲರ್ ಬಂದ ದಿನ

ಅಮ್ಮ ರವಕೆ ಹೊಲಿಸಲು ಹೋದರೆ ಬಟ್ಟೆ ಕೊಟ್ಟು ಬರುವವಳಲ್ಲ. ಕತ್ತರಿಸಿ ಮುಗಿಯುವವರೆಗೆ ಅಂಗಡಿಯ ಬೆಂಚಿನಲ್ಲಿ ಕೂತು, ಉಳಿದ ತುಂಡುಗಳನ್ನು ಚೀಲಕ್ಕೆ ತುಂಬಿಕೊಂಡೇ ಏಳುವುದು. ಟೈಲರನಿಗೆ ಅದು ಅವಮಾನ. ನಾಲ್ಕು ಇಂಚಿನ ತುಂಡನ್ನು ಇಟ್ಟುಕೊಂಡು ತಾನೇನು ಅರಮನೆ ಕಟ್ಟುತ್ತೇನೆಯೇ ಎಂದು ಒಮ್ಮೆ ಕೇಳಿದ್ದನಂತೆ. ಅಮ್ಮ ನೆಲಕ್ಕೆ ಬಿದ್ದಿದ್ದ ಇನ್ನೊಂದು ತುಂಡನ್ನೂ ಹೆಕ್ಕಿಕೊಂಡಳಂತೆ.

ಆ ಟೈಲರ್ ಒಂದು ದಿನ ಸೈಕಲ್ ತುಳಿದುಕೊಂಡು ನಮ್ಮ ಮನೆಗೇ ಬಂದ. ಬೇರೊಬ್ಬರ ರವಕೆಯ ತೋಳನ್ನು ಗಿಡ್ಡ ಕತ್ತರಿಸಿಬಿಟ್ಟಿದ್ದ. ಅಮ್ಮ ಹಿಂದಿನ ತಿಂಗಳು ಹೊಲಿಸಿದ್ದು ಅದೇ ಬಟ್ಟೆ. ತುಂಡು ಇದ್ದರೆ ಮರ್ಯಾದೆ ಉಳಿಯುತ್ತದೆ ಎಂದ.

ಅಮ್ಮನ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಕೂರಿಸಿದಳು, ಬೆಲ್ಲ ನೀರು ಕೊಟ್ಟಳು, ಒಳಗೆ ಹೋದಳು. ಡಬ್ಬಿ, ಗಂಟು, ಟ್ರಂಕು ಎಲ್ಲ ತೆಗೆದ ಸದ್ದು ಕೇಳಿತು. ಆಮೇಲೆ ಸದ್ದು ನಿಂತಿತು. ಹೊರಗೆ ಬಂದವಳ ಕೈಯಲ್ಲಿ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ ಇತ್ತು. ತುಂಡುಗಳನ್ನು ಜೋಡಿಸಿ ಅವಳೇ ಹೊಲಿದದ್ದು. ಟೈಲರ್ ಅದನ್ನು ತಿರುಗಿಸಿ ನೋಡಿದ, ಮೂಸಿ ನೋಡಿದ.

"ಬಟ್ಟೆ ಅದೇ, ಅಮ್ಮ" ಎಂದ. "ಆದ್ರೆ ಇದ್ರಂಗೆ ತೋಳ್ ಹೊಲ್ದ್ರೆ ಆ ಹೆಂಗ್ಸ್ ಹೋದಲ್ಲೆಲ್ಲ ಜನ ಊಟಕ್ಕೆ ಕೂಕಂತ್ರ್."

ಜಿಪ್ಪು

ಇನ್ನು ಷರತ್ತಿನ ವರ್ಷದ್ದು. ನಮ್ಮ ಬೀದಿಗೆ ಮೀನು ತರುವ ಹೆಂಗಸಿನ ದುಡ್ಡಿನ ಚೀಲದ ಜಿಪ್ಪು ಕಿತ್ತುಹೋಯಿತು. ಇದ್ದರೆ ಒಂದು ಹಾಕಿಕೊಡಿ ಎಂದು ಅವಳೇ ಬಾಯಿಬಿಟ್ಟು ಕೇಳಿದಳು. ಅಮ್ಮ ನನ್ನ ಕಡೆ ತಿರುಗಿ ನೋಡಿ ಒಳಗೆ ಹೋದಳು.

ಡಬ್ಬಿಯಲ್ಲಿದ್ದ ಒಂದೇ ಗಟ್ಟಿ ಜಿಪ್ಪು ಅಪ್ಪನ ಪ್ರಯಾಣದ ಬ್ಯಾಗಿನದು, ಒಂದು ಮೊಳಕ್ಕಿಂತ ಉದ್ದ. ಕತ್ತರಿಸಿ ಗಿಡ್ಡ ಮಾಡು ಎಂದೆ. ಒಳ್ಳೆಯ ಜಿಪ್ಪನ್ನು ಹಾಳು ಮಾಡುವುದೇ ಎಂದು ಬೈದಳು. ಬದಲಿಗೆ ಜಿಪ್ಪಿನ ಅಳತೆಗೆ ಹೊಸ ಚೀಲವನ್ನೇ ಹೊಲಿದು ಕೊಟ್ಟಳು. ಮೀನಿನ ಹೆಂಗಸು ಬಹಳ ಸಂತೋಷಪಟ್ಟಳು. ದುಡ್ಡನ್ನು ಈಗ ಸೆರಗಿನ ಗಂಟಿನಲ್ಲಿ ಇಟ್ಟುಕೊಳ್ಳುತ್ತಾಳೆ. ಚೀಲದಲ್ಲಿ ಕೊಡೆ ತರುತ್ತಾಳೆ.

ಇದನ್ನು ಅಮ್ಮ ಗೆಲುವೆಂದು ಸಾಧಿಸಲು ಒಂದು ವಾರ ಪ್ರಯತ್ನಿಸಿದಳು. ನಾನು ಒಪ್ಪಲಿಲ್ಲ.

ಪ್ರಿನ್ಸಿಪಾಲರ ಕೋಟು

ನಾನು ಬೈಂದೂರಿನ ಕಡೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅಲ್ಲಿಗೆ ತಪಾಸಣೆಯ ಸಮಿತಿ ಬರುವ ದಿನ ಪ್ರಿನ್ಸಿಪಾಲರ ಕೋಟಿನ ಗುಂಡಿ ಉದುರಿತು. ಸ್ಟಾಫ್ ರೂಮಿಗೆ ಬಂದು ಯಾರ ಹತ್ತಿರವಾದರೂ ಕಪ್ಪು ಗುಂಡಿ ಇದೆಯೇ ಎಂದು ಕೇಳಿದರು.

ನನ್ನ ಕೈ ತಾನಾಗಿಯೇ ಮೇಜಿನ ಕೆಳಗಿನ ಡ್ರಾಯರ್ ಎಳೆಯಿತು. ಅಂಗಡಿಯಿಂದ ತಂದ ಚೂಡಿದಾರಗಳಿಗೆ ಕಟ್ಟಿಕೊಡುವ ಹೆಚ್ಚುವರಿ ಗುಂಡಿಯ ಸಣ್ಣ ಪ್ಯಾಕೆಟ್‌ಗಳು, ಒಂದು ಹಿಡಿ. ಯಾವ ಚೂಡಿದಾರದ್ದು ಯಾವುದು ಎಂದು ದೇವರಿಗೂ ಗೊತ್ತಿಲ್ಲ. ಆ ಚೂಡಿದಾರಗಳಲ್ಲಿ ಅರ್ಧ ಈಗ ಇಲ್ಲ. ಪ್ರಿನ್ಸಿಪಾಲರು ಎಲ್ಲವನ್ನೂ ಮೇಜಿನ ಮೇಲೆ ಹರಡಿ ನೋಡಿದರು. ಗುಲಾಬಿ ಇತ್ತು, ಆಕಾಶ ನೀಲಿ ಇತ್ತು, ಬೆಳ್ಳಿಯ ಹೂವಿನ ಆಕಾರದ್ದಿತ್ತು. ಕಪ್ಪು ಇರಲಿಲ್ಲ. ಅವರು ಹೊಟ್ಟೆಯ ಮೇಲೆ ಫೈಲು ಹಿಡಿದುಕೊಂಡೇ ಸಮಿತಿಯನ್ನು ಎದುರುಗೊಂಡರು. ಕಡತಗಳ ಮೇಲೆ ಅವರಿಗೆ ಎಷ್ಟು ಪ್ರೀತಿ ಎಂದು ಸಮಿತಿಯವರು ಮೆಚ್ಚಿದರಂತೆ.

ಇದನ್ನು ನಾನು ಮನೆಯಲ್ಲಿ ಹೇಳಲಿಲ್ಲ.

ಏಳಕ್ಕೆ ಏಳು

ದೀಪಾವಳಿಗೆ ಹತ್ತು ದಿನ ಇರುವಾಗ ಅಕ್ಕ ಮತ್ತು ಭಾವ ಮುಂಬೈಯಿಂದ ಬಂದರು. ಮಗನಿಗೆ ಬ್ರಹ್ಮಾವರದಲ್ಲಿ ಒಂದು ಹೆಣ್ಣು ನೋಡುವುದಿತ್ತು. ಹುಡುಗ ಮಂಗಳೂರಿನಿಂದ ನೇರ ಅಲ್ಲಿಗೇ ಬರುವವನಿದ್ದ. ಭಾವ ಈ ಕೆಲಸಕ್ಕೆಂದೇ ಒಂದು ಲಿನನ್ ಅಂಗಿ ಕೊಂಡಿದ್ದರು. ಈಗಿನ ದುಬಾರಿ ಅಂಗಿಗಳಂತೆ ಅದಕ್ಕೂ ಹತ್ತು ವರ್ಷ ಒಗೆದು ಹಾಕಿದಂಥ ಬಣ್ಣ. ಬಂದ ದಿನ ಅದನ್ನು ಬ್ಯಾಗಿನಿಂದ ತೆಗೆದು, ಹಿಂದಿನ ಕೋಣೆಯ ಬೆತ್ತದ ಕುರ್ಚಿಯ ಮೇಲೆ ಹಾಕಿದರು.

ನಮ್ಮ ಮನೆಯಲ್ಲಿ ಆ ಕುರ್ಚಿಗೆ ಬಿದ್ದ ಬಟ್ಟೆ ನಿವೃತ್ತಿಯಾದಂತೆ. ಇದನ್ನು ಭಾವನಿಗೆ ಯಾರೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಕಾರು ಬಂದು ನಿಂತಿತ್ತು. ಭಾವ ಅಂಗಿಯ ಎರಡು ಅಂಚನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದರು. ಒಂದು ಗುಂಡಿಯೂ ಇರಲಿಲ್ಲ. ಅವರು ತಂದಿದ್ದ ಉಳಿದ ಎರಡೂ ಟೀಶರ್ಟು. ಇಬ್ಬರೇ ಹೆಂಗಸರಿರುವ ಮನೆಯಲ್ಲಿ ಗಂಡಸಿನ ಅಂಗಿ ಎಲ್ಲಿಂದ ಬರಬೇಕು? ಅಪ್ಪ ತೀರಿಹೋಗಿ ವರ್ಷಗಳಾದವು, ಅವರ ಅಂಗಿಗಳಿಂದಲೇ ಇಷ್ಟು ದಿನ ನೆಲ ಒರೆಸಿದ್ದೇವೆ.

"ಹೆಣ್ಣ್ ಕಾಂಬುಕ್ ಹೋಪುದಾ, ಕಡಲಿಗೆ ಮೀಯುಕ್ ಹೋಪುದಾ?" ಎಂದು ಅಕ್ಕ ಗಂಡನನ್ನು ಕೇಳಿದಳು.

ಭಾವನಿಗೆ ಅಪರಾಧಿ ಗೊತ್ತಿದ್ದ. ಹೊರಡುವ ಮುನ್ನಾದಿನ ಅಂಗಿಯನ್ನು ಮುಂಬೈಯ ಇಸ್ತ್ರಿಯವನಿಗೆ ಕೊಟ್ಟಿದ್ದರು. ಅಂಗಳದಲ್ಲಿ ನಿಂತು, ಒಂದು ಕೈಯಲ್ಲಿ ಅಂಗಿ ಮುಚ್ಚಿಕೊಂಡು, ಇನ್ನೊಂದರಲ್ಲಿ ಫೋನು ಹಿಡಿದು, ಅವನಿಗೆ ಹಿಂದಿಯಲ್ಲಿ ಬೈದರು. ಅವನು ತನ್ನ ಮಕ್ಕಳ ಮೇಲೆ ಆಣೆ ಹಾಕುತ್ತಿದ್ದದ್ದು ನಮಗೂ ಕೇಳಿಸುತ್ತಿತ್ತು.

ನಾನು ಅಂಗಿಯ ಪಟ್ಟಿಯನ್ನು ನೋಡಿದೆ. ಏಳು ಕಡೆ ನೂಲು ಒಂದೇ ಅಳತೆಗೆ ಕತ್ತರಿಸಿದಂತಿತ್ತು. ಅಮ್ಮನನ್ನು ನೋಡಿದೆ. ಅವಳೂ ಅಂಗಿಯನ್ನೇ ನೋಡುತ್ತಿದ್ದಳು. ಒಂದು ಕ್ಷಣ ಅವಳ ಕಣ್ಣು ಸಣ್ಣದಾಯಿತು. ಆಮೇಲೆ ಯಾವ ಗಡಿಬಿಡಿಯೂ ಇಲ್ಲದೆ ಒಳಗೆ ಹೋಗಿ ಡಬ್ಬಿ ತಂದಳು.

ಮುಚ್ಚಳ ತೆಗೆದರೆ ಮೇಲೆಯೇ ಇತ್ತು. ನೂಲಿಗೆ ಪೋಣಿಸಿ ಗಂಟು ಹಾಕಿದ ಗುಂಡಿಗಳು, ತೆಂಗಿನ ಚಿಪ್ಪಿನ ಬಣ್ಣ, ಏಳಕ್ಕೆ ಏಳು.

ಭಾವ ಫೋನು ಕೆಳಗಿಳಿಸಿದರು. ಒಂದು ಗುಂಡಿಯನ್ನು ಅಂಗಿಯ ಮೇಲೆ ಇಟ್ಟು ನೋಡಿದರು. ಬಣ್ಣ ಅದೇ, ಅಳತೆ ಅದೇ. ಅತ್ತೆ, ಇಂಥದ್ದು ಮುಂಬೈಯಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ ಎಂದರು. ಗುಜರಿಗೆ ಹಾಕಲು ಒಪ್ಪಿಗೆ ಕೊಟ್ಟಿದ್ದ ಅಕ್ಕ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಮ್ಮ ಸೂಜಿಗೆ ನೂಲು ಪೋಣಿಸಿ, ಕಾಲು ಗಂಟೆಯಲ್ಲಿ ಏಳನ್ನೂ ಹೊಲಿದಳು. ಕೊನೆಯ ನೂಲನ್ನು ಹಲ್ಲಿನಿಂದ ಕಡಿದು, ನನ್ನ ಮುಖ ನೋಡುತ್ತ ಕೂತಳು. ಎಲ್ಲರೂ ನನ್ನನ್ನೇ ನೋಡಿದರು.

"ಸಿಕ್ಕಿತು" ಎಂದೆ.

ಕಾರು ಹೋಯಿತು. ಗೇಟು ಹಾಕಿ ಬಂದೆ. ಅಮ್ಮ ಡಬ್ಬಿಯ ಮುಚ್ಚಳವನ್ನು ಸೆರಗಿನಿಂದ ಒರೆಸುತ್ತಿದ್ದಳು. ನಿನ್ನೆ ಮಧ್ಯಾಹ್ನ ಆ ಕುರ್ಚಿಯಿಂದ ಎತ್ತಿಕೊಂಡು ಮತ್ತೆ ಅಲ್ಲೇ ಹಾಕಿದ ಅಂಗಿ ಯಾವುದು ಎಂದು ಕೇಳಿದೆ. ಅವಳು ತಲೆ ಎತ್ತಲಿಲ್ಲ.

"ಅದೇ ಅಂಗಿ, ಹೆಣೆ. ಬೇರೆ ಯಾರಾರೂ ಗುಬ್ಬಿ ಕತ್ತರ್ಸಿದ್ರೆ ಬಿಸಾಡ್ತಿದ್ರ್. ನಾನಾದ್ದಕ್ಕೆ ಸಿಕ್ಕಿತ್."