ದೊರೆ ಕೊಟ್ಟ ಮಡಿಕೋಲು

ನಮ್ಮ ಮಾವನವರು ಜೀವಮಾನದಲ್ಲಿ ಒಂದೇ ಒಂದು ಕಳ್ಳತನ ಮಾಡಿದರು. ಅದೂ ತಮ್ಮದೇ ವಸ್ತುವನ್ನು, ತಮ್ಮದೇ ಮನೆಯಿಂದ, ಹಾಡಹಗಲಲ್ಲಿ! ನಾನು ಮದುವೆಯಾಗಿ ಮೂಡಿಗೆರೆಗೆ ಬಂದ ಮೊದಲ ವರ್ಷ ಅದು. ಅತ್ತೆ ಮಾವನ ಮಾತು ಮೀರಬೇಡ ಎಂದು ತವರಿನಲ್ಲಿ ಹೇಳಿ ಕಳಿಸಿದ್ದರು. ಅತ್ತೆಯ ವಸ್ತುವನ್ನು ಮಾವ ಕದಿಯುವಾಗ ಯಾರ ಮಾತು ಕೇಳಬೇಕೆಂದು ಯಾರೂ ಹೇಳಿರಲಿಲ್ಲ.

ವಸ್ತು ಯಾವುದೆಂದರೆ ಒಂದು ಕೋಲು. ನಡುಮನೆಯ ಸೂರಿನಡಿ ಕಟ್ಟಿದ ಬಿದಿರ ಗಳದ ಮೇಲೆ ಅತ್ತೆ ಮಡಿಸೀರೆ ಒಣಹಾಕುತ್ತಿದ್ದರು. ಯಾರ ಕೈಗೂ ಎಟುಕದ ಎತ್ತರ, ಮೈಲಿಗೆಯವರು ತಾಗಬಾರದಲ್ಲ! ಒದ್ದೆ ಸೀರೆಯನ್ನು ಅಷ್ಟೆತ್ತರಕ್ಕೆ ಏರಿಸಲು ಅವರಿಗೊಂದು ಮಡಿಕೋಲಿತ್ತು. ಬುಡ ದಪ್ಪ, ತುದಿ ಸಣ್ಣ, ತುದಿಗೊಂದು ಹಿತ್ತಾಳೆ ಬಳೆ, ಮೈಯೆಲ್ಲ ನುಣುಪು. ಅಂಥ ಚಂದದ ಮಡಿಕೋಲನ್ನು ನಾನು ಇನ್ನೆಲ್ಲೂ ಕಂಡಿರಲಿಲ್ಲ. ಕಾಣುವುದಾದರೂ ಹೇಗೆ? ಅದು ಬಿಲಿಯರ್ಡ್ಸ್ ಆಡುವ ಕ್ಯೂ!

ಮಾವನವರು ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದವರು. ಬಿಳಿ ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ ಅದನ್ನು ಇವರ ಕೈಗೆ ಕೊಟ್ಟಿದ್ದ. ದೊರೆಯ ರುಜು ಹಾಕಿಸಲು ಕಾಗದ ಹಿಡಿದು ದೊರೆಗಳ ಕ್ಲಬ್ಬಿಗೆ ಹೋಗಿ, ಕಿಟಕಿಯಾಚೆ ನಿಂತು ನೋಡಿ ನೋಡಿಯೇ ಇವರು ಆಟ ಕಲಿತದ್ದು. ರೈಟರುಗಳಿಗೆ ಒಳಗೆ ಪ್ರವೇಶವಿರಲಿಲ್ಲ. ಕೋಲು ಮನೆಗೆ ಬಂದ ಮರುದಿನವೇ ಅತ್ತೆ ಅದಕ್ಕೆ ನೀರು ಹೊಯ್ದು ಮಡಿಗೆ ಸೇರಿಸಿಕೊಂಡರು. ಆಮೇಲೆ ಮುಟ್ಟುವ ಧೈರ್ಯ ಯಾರಿಗಿದೆ? ಇಪ್ಪತ್ತು ವರ್ಷ ಒದ್ದೆ ಸೀರೆ ಹೊತ್ತು ಹೊತ್ತು ಅದು ಬಾಗಿಹೋಯಿತು. ಮಾವನವರು ಊಟಕ್ಕೆ ಕೂತಾಗಲೆಲ್ಲ ಅದನ್ನೇ ನೋಡುತ್ತ, "ತುದಿಗೆ ನೀಲಿ ಸೀಮೆಸುಣ್ಣ ತಿಕ್ಕಿ ಹೀಗೆ ಹೊಡೀಬೇಕು ಮಾರಾಯ್ತಿ" ಎಂದು ಎಲೆಯ ಮೇಲಿನ ಹಪ್ಪಳಕ್ಕೆ ಬೆರಳಿನಿಂದ ಹೊಡೆದು ನನಗೆ ತೋರಿಸುತ್ತಿದ್ದರು. ಎಷ್ಟು ಹಪ್ಪಳ ಪುಡಿಯಾದವೋ!

ಹೀಗಿರುವಾಗ ಕ್ಲಬ್ಬಿನಿಂದ ಹೇಳಿಕೆ ಬಂತು: ಈ ಸಲದ ವಾರ್ಷಿಕೋತ್ಸವಕ್ಕೆ ರೈಟರುಗಳೂ ಒಂದು ಆಟ ಆಡಬಹುದು, ನಿವೃತ್ತರೂ ಸೈ. ಮಾವನವರ ಎದುರಾಳಿ ಆಲ್ದೂರಿನ ರೈಟರ್. ಆಡಿದರೆ ದೊರೆ ಕೊಟ್ಟ ಕೋಲಲ್ಲೇ ಆಡುತ್ತೇನೆ ಎಂದು ಇವರ ಹಠ. ಕಿಟಕಿಯಾಚೆ ನಿಂತೇ ಆಯುಷ್ಯ ಕಳೆದವರಿಗೆ ಒಳಗೆ ಕರೆ ಬಂದಿದೆ. ಇನ್ನೊಮ್ಮೆ ಬರುತ್ತದೆಂಬ ಭರವಸೆ ಇಲ್ಲ.

ಮಧ್ಯಾಹ್ನ ಅತ್ತೆ ಅಡ್ಡಾದ ಹೊತ್ತು ನೋಡಿ ಮಾವನವರು ಮೂಲೆಯಿಂದ ಕೋಲನ್ನು ಎತ್ತಿದರು. ಅದರ ಜಾಗದಲ್ಲಿ ಒಂದು ಬಿದಿರು ಕೋಲು ಇಟ್ಟರು. ಬಾಗಿಲಲ್ಲಿ ನಾನು ಕಾವಲು. ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತೆಂದರೆ, ಆ ಸದ್ದಿಗೇ ಅತ್ತೆ ಎದ್ದಾರೆಂದು ಹೆದರಿದ್ದೆ.

ಕಳ್ಳತನ ಒಂದು ದಿನವೂ ಬಾಳಲಿಲ್ಲ. ಮರುದಿನ ಬೆಳಿಗ್ಗೆ ಬಿದಿರಿನ ಸಿಬಿರಿಗೆ ಸಿಕ್ಕು ಅತ್ತೆಯ ಸೀರೆ ಪರ್ರೆಂದಿತು.

"ಎಲ್ಲಿ ನನ್ನ ಕೋಲು?"

"ನಿನ್ನ ಕೋಲಾ? ದೊರೆ ನಂಗೆ ಕೊಟ್ಟದ್ದು ಮಾರಾಯ್ತಿ!"

"ದೊರೆ ಕೊಟ್ಟ, ಹೊರಟುಹೋದ. ಇಷ್ಟು ವರ್ಷ ದುಡಿಸಿಕೊಂಡವಳು ನಾನು!"

ವಾದ ಮಧ್ಯಾಹ್ನದವರೆಗೆ ನಡೆಯಿತು. ಕೊನೆಗೆ ಅತ್ತೆ ತೀರ್ಪು ಕೊಟ್ಟರು. "ನೆಟ್ಟಗೆ ಮಾಡ್ಕೊಳ್ಳಿ, ಆಡಿ. ಬೇಡ ಅಂದವರು ಯಾರು? ವಾಪಸು ತಂದಾಗ ನೀರು ಹೊಯ್ದರಾಯ್ತು. ಆದರೆ ತುದಿಗೆ ಚರ್ಮ ಅಂಟಿಸಿದಿರೋ, ಅದು ಮತ್ತೆ ಹೊಸ್ತಿಲು ದಾಟಕೂಡದು."

ಮಾವನವರ ಮುಖ ಇಳಿಯಿತು. ಕ್ಯೂ ತುದಿಯ ಚರ್ಮದ ಬಿಲ್ಲೆ ಅದು ಮನೆಗೆ ಬರುವ ಮೊದಲೇ ಉದುರಿಹೋಗಿತ್ತು. ಬಿಲ್ಲೆ ಇಲ್ಲದ ಕ್ಯೂ ಚೆಂಡಿನ ಮೇಲೆ ಜಾರುತ್ತದೆ, ಮೇಜಿನ ಹಸಿರು ಬಟ್ಟೆ ಹರಿಯುತ್ತದೆ. ಕ್ಲಬ್ಬಿನವರು ಒಳಗೇ ಬಿಡುವುದಿಲ್ಲ.

"ನೀನು ಚಪ್ಪಲಿ ಮೆಟ್ಟೋದಿಲ್ವಾ? ಅದು ಎಂತದು?"

"ಮೆಟ್ತೇನೆ. ತಲೆ ಮೇಲೆ ಒಣಹಾಕೋದಿಲ್ಲ!"

ಅಲ್ಲಿಗೆ ಮಾತು ನಿಂತಿತು, ಕೆಲಸ ನಿಲ್ಲಲಿಲ್ಲ. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಕೆಂಡದ ಮೇಲೆ ಬುಟ್ಟಿ ಬೋರಲು ಹಾಕುತ್ತೇವಲ್ಲ, ಅದರ ಮೇಲೆ ಕೋಲನ್ನು ಬೆಚ್ಚಗೆ ಮಾಡಿ, ತೊಲೆಗೆ ನೇತುಹಾಕಿ, ಕೆಳಗೆ ರುಬ್ಬುವ ಗುಂಡು ಕಟ್ಟಿದರು. ಆ ವಾರ ಮನೆಯಲ್ಲಿ ದೋಸೆ ಇಲ್ಲ! ಉಪ್ಪುಕಾಗದದಿಂದ ಉಜ್ಜಿದರು, ಎಣ್ಣೆ ಕುಡಿಸಿದರು. ನೆಟ್ಟಗಾಯಿತೇ ಎಂದು ನೋಡಲು ನಡುಮನೆಯ ನೆಲದ ಮೇಲೆ ಬೋರಲು ಮಲಗಿ, ಒಂದು ಕಣ್ಣು ಮುಚ್ಚಿ ಕೋಲನ್ನು ಉರುಳಿಸುತ್ತಿದ್ದರು. ಹೀಗೆ ಬಿದ್ದುಕೊಂಡಿದ್ದಾಗಲೇ ಅಂಚೆಯವನು ಬಂದ.

"ಅಯ್ಯಯ್ಯೋ, ಬಿದ್ರಾ ಸ್ವಾಮಿ? ಡಾಕ್ಟ್ರನ್ನ ಕರೀಲಾ?"

"ಉಸಿರು ಬಿಡಬೇಡ ಮಾರಾಯ, ಕೋಲು ಉರುಳ್ತದೆ!"

ಅವನು ಕಾಗದವನ್ನು ಜಗಲಿಯಲ್ಲಿಟ್ಟು ಉಸಿರು ಬಿಗಿಹಿಡಿದೇ ಹೊರಟುಹೋದ.

ಆಟದ ಹಿಂದಿನ ದಿನ ಬಂತು. ಕೋಲು ನೆಟ್ಟಗಾಗಿತ್ತು, ಮನೆ ಸೊಟ್ಟಗಾಗಿತ್ತು. ಗಂಡ ಹೆಂಡತಿ ನನ್ನ ಮೂಲಕ ಮಾತಾಡುತ್ತಿದ್ದರು. "ಅನ್ನ ಬಡಿಸಲಾ ಅಂತ ಕೇಳು." "ಬೇಡ ಅಂತ ಹೇಳು." ಅಂದು ಮಾವನವರು ಕಾಫಿಯನ್ನೂ ಮುಟ್ಟಲಿಲ್ಲ. ಕಾಫಿ ಬೆಳೆಯುವ ನಾಡಿನಲ್ಲಿ ಮನುಷ್ಯ ಕಾಫಿ ಬಿಟ್ಟನೆಂದರೆ ನೆಂಟರಿಗೆ ಹೇಳಿಕಳಿಸುತ್ತಾರೆ. ನನಗೆ ನಿಜಕ್ಕೂ ಭಯವಾಯಿತು. ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ ಕೋಲನ್ನು ಸವರುತ್ತ ಕೂತುಬಿಟ್ಟಿದ್ದರು.

ಅತ್ತೆ ಸರಸರನೆ ಅಟ್ಟ ಹತ್ತಿದರು. ಇಳಿದು ಬಂದಾಗ ಕೈಯಲ್ಲೊಂದು ಸುರುಳಿ. ಅವರ ಮಾವನವರು ಜಪಕ್ಕೆ ಕೂರುತ್ತಿದ್ದ ಕೃಷ್ಣಾಜಿನ! ಕೂದಲು ಉದುರಿತ್ತು, ಅಂಚು ಇಲಿ ಕಡಿದಿತ್ತು. ಅಡಕತ್ತರಿಯಿಂದ ಅದರ ಮೂಲೆಯನ್ನು ಕಚಕಚನೆ ಕತ್ತರಿಸಿದರು.

"ಅತ್ತೆ, ಇದೂ ಚರ್ಮವೇ ಅಲ್ವಾ?" ಬಾಯಿ ತಪ್ಪಿ ಕೇಳಿಬಿಟ್ಟೆ.

"ಉಪನಯನದಲ್ಲಿ ವಟುವಿಗೆ ಕಟ್ಟೋದಿಲ್ವಾ? ಜಿಂಕೆ ಚರ್ಮಕ್ಕೆ ಮೈಲಿಗೆ ಇಲ್ಲ. ಹಲಸಿನ ಮೇಣ ಬಿಸಿ ಮಾಡು, ಸುಮ್ಮನೆ ನಿಲ್ಲಬೇಡ."

ನಾಲ್ಕು ಪದರ ಅಂಟಿಸಿ, ಬಿಗಿಯಾಗಿ ದಾರ ಸುತ್ತಿದೆವು. ಅಂಟುತ್ತದೋ ಇಲ್ಲವೋ? ಮರುದಿನ ದಾರ ಬಿಚ್ಚುವವರೆಗೆ ಮೂವರ ಜೀವವೂ ಆ ಬಿಲ್ಲೆಯಲ್ಲೇ ಇತ್ತು. ಅಂಟಿತ್ತು! ಮಾವನವರು ಸ್ನಾನ ಮಾಡಿ, ಕೋಲನ್ನು ಒಗೆದ ಪಂಚೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು.

ಸಂಜೆ ಬಂದವರು "ಸೋತೆ" ಎಂದರು. ಕೋಲನ್ನು ಅದರ ಮೊದಲಿನ ಮೂಲೆಯಲ್ಲಿಟ್ಟು ಕೈಕಾಲು ತೊಳೆಯಲು ಹೋದರು.

ಮರುದಿನ ಅತ್ತೆ ಸೀರೆ ಒಗೆದಿಟ್ಟು, ನೀರು ಹೊಯ್ಯಲೆಂದು ಕೋಲು ಎತ್ತಿಕೊಂಡವರು ಹಾಗೇ ನಿಂತರು. ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು. ಸೀಮೆಸುಣ್ಣದ ನೀಲಿಯ ಒಂದು ಚುಕ್ಕೆಯೂ ಇಲ್ಲ! ಬಿಲ್ಲೆ ಕತ್ತರಿಸಿದಾಗ ಹೇಗಿತ್ತೋ ಹಾಗೇ ಇತ್ತು.

"ನೀವು ಇದರಲ್ಲಿ ಆಡಲೇ ಇಲ್ಲ."

ಮಾವನವರು ಸಿಕ್ಕಿಬಿದ್ದ ಕಳ್ಳನಂತೆ ತಲೆ ಕೆರೆದುಕೊಂಡರು. "ಅಲ್ಲಿ ಚೆಂಡು ದೊರೆಗಳ ಕಾಲದ್ದು, ಆನೆ ದಂತದ್ದು. ದಂತ ಅಂದ್ರೆ ಎಲುಬಲ್ವಾ ಮಾರಾಯ್ತಿ? ತಾಗಿದ್ರೆ ಕೋಲು ನಿಂಗೆ ಆಗ್ತದೋ ಇಲ್ವೋ ಅಂತ ಅನುಮಾನ ಬಂತು. ಕೇಳೋಣ ಅಂದ್ರೆ ನೀನು ಅಲ್ಲಿರ್ಲಿಲ್ಲ. ಕ್ಲಬ್ಬಿನ ಕೋಲಲ್ಲೇ ಆಡಿದೆ."

ನನಗೆ ನಗು ಬರಬೇಕಿತ್ತು. ಕಣ್ಣು ತುಂಬಿತು.

ಅತ್ತೆ ಬಚ್ಚಲಿಗೆ ಹೋದರು. ಪಂಚೆಗಳಿಗೆ ಹಾಕುವ ನೀಲಿಯ ಬಿಲ್ಲೆ ತಂದು ಕೋಲಿನ ತುದಿಗೆ ಚೆನ್ನಾಗಿ ತಿಕ್ಕಿದರು. ಬುಟ್ಟಿಯಿಂದ ಎರಡು ಕಿತ್ತಳೆ ತೆಗೆದು, ಒಂದನ್ನು ಮಾವನವರ ಮುಂದೆ ನೆಲದ ಮೇಲಿಟ್ಟರು, ಇನ್ನೊಂದನ್ನು ನಡುಮನೆಯ ಮಧ್ಯದಲ್ಲಿ. ತಾವು ಆಚೆ ಗೋಡೆಗೆ ಒರಗಿ ನಿಂತರು.

"ಈಗ ಹೊಡೀರಿ, ನೋಡ್ತೇನೆ. ನಾನು ಇಲ್ಲೇ ಇದ್ದೇನೆ."

ಮಾವನವರು ಮೆಲ್ಲಗೆ ಬಾಗಿ ಮಂಡಿಯೂರಿದರು. ಒಂದು ಕಣ್ಣು ಮುಚ್ಚಿದರು. ಟಕ್! ಕಿತ್ತಳೆ ಕಿತ್ತಳೆಗೆ ಬಡಿಯಿತು. ಮುಂದಿನದು ಉರುಳಿಕೊಂಡು ಹೋಗಿ ಅತ್ತೆಯ ಪಾದಕ್ಕೆ ತಾಗಿ ನಿಂತಿತು.

"ಗೆದ್ದಿರಿ" ಎಂದರು ಅತ್ತೆ. "ಇನ್ನೊಂದು ಹೊಡೀರಿ."

ಆ ದಿನ ಮಡಿಸೀರೆ ಮಧ್ಯಾಹ್ನದವರೆಗೂ ಬಕೆಟ್ಟಿನಲ್ಲೇ ಇತ್ತು.