ಯುರೋಪಿನವರು ಕೇಳಿದ್ದು

ಪ್ರಜ್ಞಾ: ಅತ್ತಿ, ಆ ಚೀಟಿ ಅಲ್ಲಿ ಇಡಬ್ಯಾಡ! ಅದು "ಕೇಳಿದ್ದು" ಗುಂಪಿನ್ಯಾಗ ಬರಬೇಕು.

ಶಂಕ್ರೆವ್ವ: ಇದರಾಗ ಏನ್ ಕೇಳ್ಯಾರ?

ಪ್ರಜ್ಞಾ: ಕಣ್ಣಿಗೆ ಕಾಣವಲ್ದೇನು? "ನಾಳಿನ ಯುರೋಪು ಹೇಗಿರಬೇಕು? ನಿಮ್ಮ ಅನಿಸಿಕೆ ತಿಳಿಸಿ" ಅಂತ ಬರದೈತಿ.

ಶಂಕ್ರೆವ್ವ: ಮಂದಿ ತಿಳಿಸಿದ್ರೇನು?

ಪ್ರಜ್ಞಾ: ನಾಕನೂರಾ ಹನ್ನೆರಡು ಮಂದಿ ತಿಳಿಸ್ಯಾರ.

ಶಂಕ್ರೆವ್ವ: ತಿಳಿಸಿದ ಮ್ಯಾಲೆ ಇವರೇನಂದ್ರು?

ಪ್ರಜ್ಞಾ: ಏನೂ ಅಂದಿಲ್ಲ. ಮರುದಿನ ಬ್ಯಾರೆ ಫೋಟೋ ಹಾಕ್ಯಾರ.

ಶಂಕ್ರೆವ್ವ: ಹಂಗಾರ ಕೇಳಿಲ್ಲ ಬಿಡು. "ಹೇಳಿದ್ದು" ಗುಂಪಿಗೆ ಹಾಕು.

ದೇವಣಗಾಂವದ ಆ ಮನೆಯ ಪಡಸಾಲೆಯ ತುಂಬ ಇನ್ನೂರು ಚೀಟಿಗಳು. ಯುರೋಪಿನ ರಾಜಕೀಯ ಸಂಸ್ಥೆಗಳು ತಮ್ಮ ಜನರಿಗಾಗಿ ಇಂಟರ್ನೆಟ್ಟಿನಲ್ಲಿ ಹಾಕುವ ಬರಹಗಳನ್ನು ಪ್ರಜ್ಞಾ ಕನ್ನಡಕ್ಕಿಳಿಸಿ ಚೀಟಿಗೊಂದರಂತೆ ಬರೆದಿದ್ದಳು. ಕೆಳಗೆ ಜನರ ಪ್ರತಿಕ್ರಿಯೆ, ಅದಕ್ಕೆ ಉತ್ತರವೇನಾದರೂ ಬಂದಿದ್ದರೆ ಅದೂ. ವಿಜಯಪುರದಲ್ಲಿ ಪತ್ರಿಕೋದ್ಯಮದ ಎಂ.ಎ. ಓದುವ ಅವಳ ಪ್ರಬಂಧದ ವಿಷಯವೇ ಅದು. ನಿಯಮದಂತೆ ಇಬ್ಬರು ಬೇರೆ ಬೇರೆ ಕೂತು ಚೀಟಿಗಳನ್ನು "ಕೇಳಿದ್ದು", "ಹೇಳಿದ್ದು" ಎಂದು ವಿಂಗಡಿಸಬೇಕು, ನೂರಕ್ಕೆ ಎಂಬತ್ತಾದರೂ ತಾಳೆಯಾಗಬೇಕು. ಎರಡನೆಯವಳಾಗಲು ಒಪ್ಪಿದ್ದ ಗೆಳತಿ ಕೋಮಲ ಹೋದ ವಾರವೇ ಬ್ಯಾಂಕ್ ಪರೀಕ್ಷೆ ಎಂದು ಬಸವನ ಬಾಗೇವಾಡಿ ಬಸ್ಸು ಹತ್ತಿದ್ದಳು. ಪ್ರಬಂಧ ಕೊಡಲು ನಾಳೆಯೇ ಕೊನೆಯ ದಿನ. ಹೀಗಾಗಿ ಸೋದರತ್ತೆ ಶಂಕ್ರೆವ್ವ ಎರಡನೆಯವಳಾದಳು. ಎರಡು ಸಲ ಪಂಚಾಯ್ತಿ ಮೆಂಬರ್ ಆಗಿದ್ದವಳು. ಕನ್ನಡಕ ಹಾಕಿಕೊಂಡು, ಜೋಳದಲ್ಲಿ ಕಲ್ಲು ಆರಿಸಿದಂತೆ ಬೆಳಗಿನಿಂದ ಒಂದೊಂದೇ ಚೀಟಿ ಓದಿ ಮುಗಿಸಿದ್ದಳು. ಈಗ ಇಬ್ಬರೂ ತಾಳೆ ನೋಡುತ್ತ ಕೂತಿದ್ದರು. ಚೀಟಿ ಹಾರುತ್ತವೆಂದು ಫ್ಯಾನು ಬಂದ್ ಮಾಡಿದ್ದರಿಂದ ಇಬ್ಬರಿಗೂ ಬೆವರು, ಇಬ್ಬರಿಗೂ ಸಿಟ್ಟು.

ಪ್ರಜ್ಞಾ: ಇದನ್ನಾದ್ರೂ ನೋಡು. ಬೆಕ್ಕಿನ ಚಿತ್ರ ಹಾಕಿ "ಈ ಸಲ ಮತ ಹಾಕುವಿರಲ್ಲವೇ?" ಅಂತ ಕೇಳ್ಯಾರ. ಮೂರು ಸಾವಿರ ಮಂದಿ ಲೈಕ್ ಒತ್ಯಾರ.

ಶಂಕ್ರೆವ್ವ: ಇವರಿಗೆ ಒತ್ಯಾರೋ, ಬೆಕ್ಕಿಗೆ ಒತ್ಯಾರೋ?

ಪ್ರಜ್ಞಾ: ಬೆಕ್ಕಿಗೇ ಇರಬೇಕು.

ಶಂಕ್ರೆವ್ವ: ಕೆಳಗ ಒಬ್ಬಾಕಿ "ನನ್ನ ಅರ್ಜಿ ಕೊಟ್ಟು ಎರಡು ವರ್ಷ ಆತು, ಎಲ್ಲಿಗೆ ಬಂತು?" ಅಂತ ಬರದಾಳ. ಆಕಿಗೆ ಏನಂದಾರ?

ಪ್ರಜ್ಞಾ: "ನಿಮ್ಮ ಪ್ರತಿಕ್ರಿಯೆಗೆ ಧನ್ಯವಾದಗಳು" ಅಂದಾರ.

ಶಂಕ್ರೆವ್ವ: ಬೆಕ್ಕನ್ನರ ಕೇಳಿದ್ರ ಮ್ಯಾಂವ್ ಅಂತಿತ್ತು.

ಪ್ರಜ್ಞಾ: ಅತ್ತಿ! ನಂದು ತೊಂಬತ್ತು ಚೀಟಿ "ಕೇಳಿದ್ದು", ನಿಂದು ಬರೇ ಮೂರು! ನೂರಕ್ಕ ಐವತ್ತಾರಷ್ಟ ತಾಳೆ ಆಗೇತಿ.

ಶಂಕ್ರೆವ್ವ: ತೊಂಬತ್ತು ಸಲ ಕೇಳೋವಂಥ ಪುಣ್ಯವಂತರು ಎಲ್ಲಿ ಅದಾರವಾ? ನಾ ಮೆಂಬರ್ ಇದ್ದ ಹತ್ತು ವರ್ಷದಾಗ ನಾನ ಅಷ್ಟು ಸಲ ಕೇಳಿಲ್ಲ.

ಪ್ರಜ್ಞಾ: ಆ ಮೂರಾದ್ರೂ ಎಂಥವು? "ನೀವು ಕೊಟ್ಟ ಲಿಂಕ್ ತೆರೀವಲ್ದು" ಅಂತ ಯಾರೋ ಬರದಾರ, "ತಪ್ಪಾಯ್ತು, ಸರಿ ಮಾಡಿದ್ದೇವೆ" ಅಂತ ಇವರು ಬರದಾರ. ಇದು ಕೇಳಿದ್ದು ಹೆಂಗಾಕ್ಕೈತಿ?

ಶಂಕ್ರೆವ್ವ: ಅಲ್ಲೇನು ಮತ್ತ? ಒಬ್ಬಾಂವ ಹೇಳ್ದ, ಇವರು ಕೇಳಿದ್ರು, ಕೆಲಸ ಆತು.

ಪ್ರಜ್ಞಾ: ಅಯ್ಯ ಯವ್ವಾ, ಕೇಳಿದ್ದು ಅಂದ್ರ ಪ್ರಶ್ನೆ ಕೇಳಿದ್ದು!

ಶಂಕ್ರೆವ್ವ: ನಾ ಕಿವೀಲೆ ಕೇಳಿದ್ದು ಅಂತ ತಿಳಕೊಂಡೆ.

ಪ್ರಜ್ಞಾ ಕೈಯಲ್ಲಿದ್ದ ಚೀಟಿ ಕೆಳಗಿಟ್ಟಳು.

ಪ್ರಜ್ಞಾ: ಮುಂಜಾನಿಂದ ಕಿವಿ ಹುಡುಕಾಕತ್ತಿದ್ದೇನು ನೀನು?

ಶಂಕ್ರೆವ್ವ: ಪ್ರಶ್ನೆ ಗುರ್ತು ಎಣಿಸಾಕ ನಾ ಯಾಕ ಬೇಕಿತ್ತು? ಸಾಲಿ ಹುಡುಗೂರೂ ಎಣಿಸ್ತಾವ.

ಪ್ರಜ್ಞಾ: ಬಂಗಾರದಂಥ ಅತ್ತಿ, ಒಂದ ಐವತ್ತು ಚೀಟಿ ಈ ಕಡೆ ಸರಿಸಿಬಿಡು.

ಶಂಕ್ರೆವ್ವ: ಓದಿ ಸರಿಸ್ಲೋ, ಓದದ ಸರಿಸ್ಲೋ?

ಪ್ರಜ್ಞಾ: ಓದದ. ಎರಡನೆಯವರ ಅಭಿಪ್ರಾಯ ತಗೊಂಡೀವಿ ಅಂತ ಬರಿಯಾಕ ಬೇಕು, ಅಷ್ಟ.

ಶಂಕ್ರೆವ್ವ: ಅಂದ್ರ ನನ್ನ ಅಭಿಪ್ರಾಯ ಏನಿರಬೇಕಂತ ನೀ ಮೊದಲ ಬರದಿಟ್ಟಿ. ಯುರೋಪಿನವರನ್ನ ಆಡಿಕೊಂಡು ನೂರು ಪುಟ ಬರದೀಯಲ್ಲ, ಇದಕ್ಕ ಅಲ್ಲೇನು?

ಉತ್ತರಕ್ಕೆ ಕಾಯದೆ ಶಂಕ್ರೆವ್ವ ಚಹಾ ಇಡಲು ಒಳಗೆ ಹೋದಳು. ಪ್ರಜ್ಞಾ ಬಾಗಿಲ ಕಡೆ ಒಮ್ಮೆ ನೋಡಿ, ಅತ್ತೆಯ "ಹೇಳಿದ್ದು" ಗುಂಪಿನಿಂದ ಒಂದು ಹಿಡಿ ಚೀಟಿ ಎತ್ತಿದಳು. ತಲೆ ಎತ್ತಿದರೆ ಸಕ್ಕರೆ ಡಬ್ಬಿ ಹಿಡಿದು ಅತ್ತೆ ಹೊಸ್ತಿಲಲ್ಲೇ ನಿಂತಿದ್ದಳು.

ಶಂಕ್ರೆವ್ವ: ನಾ ಇನ್ನಾ ಜೀವಂತ ಅದೀನಿ. ನನ್ನ ಓಟು ನೀ ಹಾಕಾಕತ್ತಿಯೇನು?

ಪ್ರಜ್ಞಾಳ ಕಿವಿ ಬಿಸಿಯಾಯಿತು. ಚೀಟಿಗಳನ್ನು ಒಂದೊಂದಾಗಿ ತೆಗೆದ ಜಾಗಕ್ಕೇ ಇಟ್ಟಳು. ಅಷ್ಟರಲ್ಲಿ ಫೋನು ಬಂತು. ಅವಳ ಮಾರ್ಗದರ್ಶಕ, ಪ್ರೊಫೆಸರ್ ಶ್ರೀವಲ್ಲಭ. ಕೈಯೆಲ್ಲ ಬೆವರು, ಫೋನನ್ನು ನೆಲದ ಮೇಲಿಟ್ಟು ಸ್ಪೀಕರ್ ಒತ್ತಿದಳು.

ಶ್ರೀವಲ್ಲಭ: ಏನವಾ ಪ್ರಜ್ಞಾ, ತಾಳೆ ಆತೇನು?

ಪ್ರಜ್ಞಾ: ಇಲ್ರಿ ಸರ್. ಐವತ್ತಾರ ಬಂದೈತ್ರಿ. ಎಂಬತ್ತು ಮಾಡಾಕ ಹೋಗಿ ಸಿಕ್ಕಬಿದ್ದೀನ್ರಿ.

ನಡೆದದ್ದನ್ನೆಲ್ಲ ಹೇಳಿದಳು, ಎರಡನೆಯವರು ಯಾರೆಂಬುದೊಂದನ್ನು ಬಿಟ್ಟು. ಆ ಕಡೆಯಿಂದ ದೊಡ್ಡ ನಗು.

ಶ್ರೀವಲ್ಲಭ: ಅಲ್ಲವಾ, ಮೂರು ತಿಂಗಳಿಂದ ಈ ಒಂದ ಶಬ್ದದ ಮ್ಯಾಲೆ ಕೂತೇವಿ, ನಮಗ ಹೊಳೀಲೇ ಇಲ್ಲ ನೋಡು! ಪ್ರಶ್ನಿಸೂದು ಬ್ಯಾರೆ, ಆಲಿಸೂದು ಬ್ಯಾರೆ. ಮೂರು ಗುಂಪು ಮಾಡು. ಒಂದು ವಾರ ಹೆಚ್ಚಿಗೆ ಕೊಡಸ್ತೀನಿ. ಆ ಎರಡನೆಯವರಿಗೆ ನನ್ನ ನಮಸ್ಕಾರ ತಿಳಸು.

ಶಂಕ್ರೆವ್ವ: ಇಲ್ಲೇ ಅದೀನ್ರಿ ಸಾಹೇಬ್ರ, ನಮಸ್ಕಾರ್ರಿ. ಒಂದು ಮಾತು ಹೇಳ್ಲೇನ್ರಿ?

ಶ್ರೀವಲ್ಲಭ: ಅವಶ್ಯ ಹೇಳ್ರಿ.

ಶಂಕ್ರೆವ್ವ: ಹೋದ ವಾರ ಈ ಹುಡುಗಿ ವಾಟ್ಸಾಪಿನ್ಯಾಗ ನಿಮಗೊಂದು ಪ್ರಶ್ನೆ ಕಳಿಸಿದ್ಲು. ನೀವು ಹೆಬ್ಬೆಟ್ಟು ಕಳಿಸಿದ್ರಿ. ಮತ್ತ ಕೇಳಿದ್ಲು, ಮತ್ತ ಹೆಬ್ಬೆಟ್ಟು. ಅಷ್ಟು ಓದಿದವರು ನೀವು, ಹೆಬ್ಬೆಟ್ಟು ಒತ್ತಿದ್ರ ಹೆಂಗ್ರಿ?

ಪ್ರಜ್ಞಾ ಫೋನಿಗೆ ಕೈ ಹಾಕಿದಳು. ಅತ್ತೆ ಅದನ್ನು ಎತ್ತಿ ಹಿಡಿದಳು. ಆ ಕಡೆ ಪ್ರೊಫೆಸರು ಕೆಮ್ಮಿದರು.

ಶ್ರೀವಲ್ಲಭ: ತಪ್ಪಾತ್ರಿ. ಪ್ರಜ್ಞಾ, ಏನಿತ್ತವಾ ನಿನ್ನ ಪ್ರಶ್ನೆ?

ಪ್ರಜ್ಞಾ: ಏನಿಲ್ರಿ ಸರ್. ಎರಡನೆಯವರು ನಮ್ಮ ಸೋದರತ್ತಿ ಆದ್ರ ನಡೀತೈತೇನ್ರಿ ಅಂತ...

ಶ್ರೀವಲ್ಲಭ: ಬಿಲ್ಕುಲ್ ನಡಿಯೂದಿಲ್ಲ! ಮನಿಯವರನ್ನ ಹ್ಯಾಂಗ ತಗೊಳ್ತೀ? ಪೂರಾ ಇನ್ನೂರು ಚೀಟಿ ಹೊರಗಿನವರ ಕಡೆಯಿಂದ ಮತ್ತ ಮಾಡಿಸಬೇಕು.

ಶಂಕ್ರೆವ್ವ: ಹಂಗಾರ ಆ ಹೆಬ್ಬೆಟ್ಟ ಛಲೋ ಇತ್ತಲ್ರೀ ಸಾಹೇಬ್ರ!