ಅತ್ತೆಯ ಬೆರಳು, ಮಾವನ ತಪಾಸಣೆ

ಜೂನ್ ಮೊದಲ ಮಂಗಳವಾರ ಬೆಳಿಗ್ಗೆ, ಜಮಖಂಡಿಯಲ್ಲಿರುವ ನನ್ನ ಸೋದರಮಾವ ಅತ್ತೆಯ ಬೆರಳು ಚುಚ್ಚಿ, ಹೊಸ ಕಿಟ್ಟೊಂದನ್ನು ಸುಳ್ಳುಬುರುಕ ಎಂದು ತೀರ್ಮಾನಿಸಿದ. ಇಷ್ಟು ಕಟ್ಟುನಿಟ್ಟಿನ ನ್ಯಾಯಾಧೀಶ ಮುಧೋಳ, ಬೀಳಗಿ, ಬನಹಟ್ಟಿ ಸುತ್ತಿದರೂ ಸಿಗಲಿಕ್ಕಿಲ್ಲ!

ಮಾವನದು ರಕ್ತ ತಪಾಸಣೆಯ ಪುಟ್ಟ ಲ್ಯಾಬು. ಆಪರೇಷನ್‌ಗೆ ಮೊದಲು ಹೆಪಟೈಟಿಸ್ ಸಿ ಇದೆಯೇ ಎಂದು ಅಲ್ಲಿ ನೋಡುತ್ತಾರೆ. ಸೋಂಕಿನ ವಿರುದ್ಧ ಮೈಯಲ್ಲಿ ಹುಟ್ಟಿದ ಪ್ರತಿಕಾಯ ಸಿಕ್ಕರೆ ಕಿಟ್ಟಿನ ಪಟ್ಟಿಯ ಮೇಲೆ ಎರಡು ಗೆರೆ, ಇಲ್ಲದಿದ್ದರೆ ಒಂದೇ. ತಣ್ಣಗಿರಬೇಕಾದ ಈ ಕಿಟ್ಟುಗಳು ವಿಜಯಪುರದಿಂದ ಬರುವುದು ಹೇಗೆ ಗೊತ್ತೇ? ಬಸ್ಸಿನ ಎಂಜಿನ್ ಬಾನೆಟ್ಟಿನ ಮೇಲೆ ಕೂತು! ಮಾವ ನಿಲ್ದಾಣದಲ್ಲೇ ಡಬ್ಬಿಯನ್ನು ಕೆನ್ನೆಗೆ ಒತ್ತಿ ನೋಡುತ್ತಾನೆ.

"ಇದಕ್ಕಽ ಜ್ವರಾ ಬಂದೈತಲ್ಲೋ!"

"ಹಂಗಾರ ಒಂದ್ ಗುಳಿಗಿ ಕೊಡ್ರಿ ಸಾಹೇಬ್ರ," ಎಂದಿದ್ದ ಕಂಡಕ್ಟರ್.

ತಣ್ಣಗಿದ್ದ ಡಬ್ಬಿಗೂ ಬಿಡುಗಡೆಯಿಲ್ಲ. ಮನೆಯಲ್ಲಿ ಅತ್ತೆ ಇದ್ದಾಳಲ್ಲ! ಹನ್ನೊಂದು ವರ್ಷಗಳಿಂದ ಪ್ರತಿ ಡಬ್ಬಿಯ ಮೊದಲ ಪಟ್ಟಿ ಅವಳ ರಕ್ತಕ್ಕೆ. ಅವಳಿಗೆ ಕಾಯಿಲೆಯಿಲ್ಲ ಎಂಬುದು ಮಾವನ ನಂಬಿಕೆ. ಒಂದು ಗೆರೆ ಬಂದರೆ ಡಬ್ಬಿ ಪಾಸು. ಎರಡು ಬಂದರೆ ವಾಪಸ್ಸು.

"ರೊಟ್ಟಿ ಬಡಿಯಾಕ ಒಂದ್ ಬೆರಳರ ಬಿಡ್ರೀ!"

"ಸುಮ್ನ ಕೈ ಕೊಡ. ಕಂಪನಿ ಸುಳ್ಳ ಹೇಳಬಹುದು, ನಿನ್ನ ರಕ್ತ ಹೇಳಂಗಿಲ್ಲ."

ಆ ಮಂಗಳವಾರವೂ ಎರಡು ಗೆರೆ. ಕಿಟ್ಟು ಮಾರುವವನು ರೇಗಿದ: "ಒಮ್ಮೆ ಅಕ್ಕಾರ ರಕ್ತಾನಽ ದೊಡ್ಡ ಲ್ಯಾಬಿಗೆ ಕಳಸ್ರಲಾ!" ಅವನ ಬಾಯಿ ಮುಚ್ಚಿಸಲೆಂದೇ ಮಾವ ಬೆಳಗಾವಿಗೆ ಕಳಿಸಿದ. ಅಲ್ಲಿ ಪ್ರತಿಕಾಯವನ್ನಲ್ಲ, ವೈರಾಣುವನ್ನೇ ಹುಡುಕಿದರು. ಸಿಕ್ಕಿತು. ಹಳೆಯ ಹೆರಿಗೆಯೊಂದರಲ್ಲಿ ಏರಿಸಿದ ರಕ್ತದಿಂದ ಬಂದಿರಬಹುದು, ಯಕೃತ್ತು ಆಗಲೇ ಗಟ್ಟಿಯಾಗತೊಡಗಿದೆ ಎಂದರು ವೈದ್ಯರು.

ಅಂದರೆ, ಎರಡು ಗೆರೆ ತೋರಿಸಿ ವಾಪಸ್ಸಾದವೆಲ್ಲ ನಿಜ ಹೇಳಿದ ಡಬ್ಬಿಗಳು. ಮಾವ ಇಟ್ಟುಕೊಂಡಿದ್ದು ಎಲ್ಲೋ ಬಿಸಿಗೆ ಕೆಟ್ಟು ಅವಳ ಸೋಂಕು ಕಾಣದ ಕುರುಡು ಡಬ್ಬಿಗಳನ್ನು. ಊರಿಗೆಲ್ಲ "ಏನೂ ಇಲ್ಲ" ಎಂದು ಬರೆದುಕೊಟ್ಟಿದ್ದು ಅವುಗಳಿಂದಲೇ. ಸೋಂಕು ಖಚಿತವಾದ ಒಬ್ಬರ ರಕ್ತವನ್ನೂ ಜೊತೆಗಿಟ್ಟು ನೋಡಿದ್ದರೆ ಮೊದಲ ವರ್ಷವೇ ತಿಳಿಯುತ್ತಿತ್ತು.

ಮಾವ ಎರಡು ದಿನ ಲ್ಯಾಬು ತೆರೆಯಲಿಲ್ಲ.

"ನಿನ್ನ ರೋಗಾ ನಾನಽ ಮುಚ್ಚಿಟ್ಟೆ. ಇನ್ನ ಎಷ್ಟ್ ಮಂದೀದು ಮುಚ್ಚೀನೋ!"

"ನಂದಕ್ಕ ಗುಳಿಗಿ ಸುರು ಆಗ್ಯಾವಲ್ರೀ. ಏಳ್ರಿ, ಮಂದಿ ಮನಿಗೆ ನಾನೂ ಬರ್ತೇನಿ," ಎಂದಳು ಅತ್ತೆ, ಅವನ ಕೈ ಹಿಡಿದು. "ನಿಮಗ ಹೇಳಾಕ ಬಾಯಿ ಬರಲಿಲ್ಲಂದ್ರ ನಾ ಹೇಳ್ತೇನಿ."

ತಪಾಸಣೆಗೆ ಬಂದಿದ್ದವರ ಹೆಸರಿರುವ ಹಳೆಯ ರಿಜಿಸ್ಟರ್ ಹಿಡಿದು ಇಬ್ಬರೂ ಸಾವಳಗಿ, ಹುನ್ನೂರ ಮುಗಿಸಿದ್ದಾರೆ. ನಿನ್ನೆ ಗಲಗಲಿಯಲ್ಲಿ ಮೂವರ ರಕ್ತ ತೆಗೆದು ಬೆಳಗಾವಿಗೆ ಕಳಿಸಿದರು. ವರದಿ ಇನ್ನೂ ಬಂದಿಲ್ಲ.